ಹಲ್ಲೆಣಿಸದೆ ಹಾಕಿಸಿದ ಹೌಸಿಂಗ್

ನಮ್ಮ ಮೂಡಿಗೆರೆ ಕಡೆ ಹಳೇ ಜೀಪು ಇಟ್ಟುಕೊಂಡವರಿಗೆ ಒಂದು ಚಟ. ಗಾಡಿ ಸರಿಯಾಗಿ ಓಡುತ್ತಿದ್ದರೂ ಏನಾದರೂ ಬಿಚ್ಚಿಸಿ ಇನ್ನೇನಾದರೂ ಹಾಕಿಸುತ್ತಿರಬೇಕು. ನನ್ನದು ಪೆಟ್ರೋಲ್ ಎಂಜಿನ್ನಿನ ಹಳೇ ಮಹೀಂದ್ರಾ. ತೋಟದ ಏರಿನಲ್ಲಿ ಗೊಬ್ಬರದ ಮೂಟೆ ಹೊರಲು ಅದಕ್ಕೆ ಯಾವ ಕೊರತೆಯೂ ಇರಲಿಲ್ಲ. ಆದರೆ ಕೊಟ್ಟಿಗೆಹಾರದ ರಸ್ತೆಯಲ್ಲಿ ಆಟೊದವರೂ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದರು. ಪೆಟ್ರೋಲೂ ಹೊಟ್ಟೆಯೂ ಒಟ್ಟಿಗೇ ಉರಿಯುತ್ತಿದ್ದವು.

ಗುಜರಿಯಲ್ಲಿ 2523 ಸಿಸಿಯ ಡೀಸೆಲ್ ಎಂಜಿನ್ ಸಿಕ್ಕಿತು. ಮಾರುವವನು ಪಕ್ಕದಲ್ಲಿದ್ದ ಹಿಂದಿನ ಹೌಸಿಂಗನ್ನೂ (ಆಕ್ಸಲ್ಲೂ ಅದನ್ನು ತಿರುಗಿಸುವ ಗೇರುಗಳೂ ಇರುವ ಕವಚ) ತೋರಿಸಿ, ‘ಇದನ್ನೂ ಹಾಕ್ಸಿ ಸಾರ್, ಸ್ಪೀಡ್ ಬರುತ್ತೆ’ ಅಂದ. ಸುಳ್ಳು ಹೇಳಲಿಲ್ಲ ಪುಣ್ಯಾತ್ಮ, ಸ್ಪೀಡು ಬಂತು. ಮುಂದಿನ ಹೌಸಿಂಗ್ ಮಾತ್ರ ಹಳೆಯದೇ ಇರಲಿ ಎಂದು ತೀರ್ಮಾನಿಸಿದವನು ನಾನೇ. ಫೋರ್ ವೀಲ್ ಹಾಕುವುದೇ ಅಪರೂಪ, ಅದಕ್ಕೇಕೆ ದುಡ್ಡು ಸುರಿಯಬೇಕು ಎಂಬ ಲೆಕ್ಕ. ಆ ಜಾಣತನಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಮಳೆಗಾಲದಲ್ಲಿ ಬೀಗರು ಬಂದರು. ತೋಟ ತೋರಿಸುತ್ತೇನೆಂದು ಎಲ್ಲರನ್ನೂ ಹತ್ತಿಸಿಕೊಂಡು ಕೆಸರಿಗಿಳಿದು ಫೋರ್ ವೀಲ್ ಹಾಕಿದೆ. ಗಾಡಿ ಗೊರಗೊರ ಎನ್ನುತ್ತ ಏರಿತು. ‘ಎಂಜಿನ್ ಎಳೆಯೋ ಶಬ್ದ ಕೇಳಿ ಭಾವಾ’ ಎಂದೆ. ಮನೆ ಮುಂದಿನ ಕಾಂಕ್ರೀಟಿಗೆ ಬರುತ್ತಿದ್ದಂತೆ ಜೀಪು ಮೈ ಬಿಗಿಹಿಡಿದು ಕುಪ್ಪಳಿಸತೊಡಗಿತು. ಫೋರ್ ವೀಲ್ ತೆಗೆಯೋಣವೆಂದರೆ ಲಿವರ್ ಅಲ್ಲಾಡಲಿಲ್ಲ. ಆ ಕ್ಷಣಕ್ಕೆ ಆಕ್ಸಿಲರೇಟರ್ ಒತ್ತಿದ್ದು ಯಾವ ಬುದ್ಧಿಯೋ. ಅಡಿಯಿಂದ ಟಣ್ ಎಂದು ಸದ್ದು ಬಂತು. ಮುಂದಿನ ಆಕ್ಸಲ್ ತುಂಡು. ಬೀಗರು ಇಸ್ತ್ರಿ ಅಂಗಿಯಲ್ಲಿ ಜೀಪು ತಳ್ಳಿದರು. ಭಾವ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಹಳೇ ಮೇಸ್ತ್ರಿ ಬಂದು ಅಡಿಗೆ ಬಗ್ಗಿ ನೋಡಿ, ‘ಗೌಡ್ರೇ, ಹೌಸಿಂಗ್ ಹಾಕ್ಸೋವಾಗ ಹಲ್ಲು ಎಣಿಸಿದ್ರಾ?’ ಅಂದರು.

ಹೌಸಿಂಗಿನೊಳಗಿನ ದೊಡ್ಡ ಗೇರು ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಎಣಿಸಿದಾಗ ಮುಂದಿನ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8, ರೇಷಿಯೊ 5.38. ಹಿಂದಿನದು 39ಕ್ಕೆ 8, ಅಂದರೆ 4.88. ಫೋರ್ ವೀಲ್ ಹಾಕಿದಾಗ ಎರಡೂ ಪ್ರೊಪೆಲ್ಲರ್ ಶಾಫ್ಟು ಒಂದೇ ಲೆಕ್ಕದಲ್ಲಿ ತಿರುಗುತ್ತವೆ. 43 ಸುತ್ತಿಗೆ ಮುಂದಿನ ಚಕ್ರ 8 ಸುತ್ತು ಹೋದರೆ ಹಿಂದಿನದು ಹೆಚ್ಚುಕಡಿಮೆ 9 ಸುತ್ತು. ಕೆಸರಿನಲ್ಲಿ ಚಕ್ರ ಜಾರಿ ಈ ಜಗಳ ಮುಚ್ಚಿಹೋಗುತ್ತದೆ. ಕಾಂಕ್ರೀಟಿನಲ್ಲಿ ಜಾರಲು ಜಾಗವಿಲ್ಲ, ಏಟು ಪೂರ್ತಿ ಗೇರು, ಆಕ್ಸಲ್ಲುಗಳ ಮೇಲೆ. ನಾನು ಹೆಮ್ಮೆಯಿಂದ ಕೇಳಿಸಿದ್ದು ಹಲ್ಲುಗಳ ಗೋಳು.

ಮೇಸ್ತ್ರಿಯನ್ನು ಮೊದಲೇ ಕೇಳಬಹುದಿತ್ತು. ಕೇಳಲಿಲ್ಲ, ಯಾಕೆಂದರೆ ಅವರು ಬೇಡ ಅನ್ನುತ್ತಾರೆಂದು ಗೊತ್ತಿತ್ತು. ಬೇರೆ ಊರಿನ ಗ್ಯಾರೇಜ್ ಹುಡುಕಿಕೊಂಡು ಹೋದದ್ದೇ ಅದಕ್ಕೆ. ಆರ್‌ಸಿಯದ್ದೂ ಅದೇ ಕಥೆ. ನೋಂದಣಿಯ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಖಡಾಖಂಡಿತ ಹೇಳಿತು. ‘ಯಾರು ನೋಡ್ತಾರೆ ಬಿಡಿ’ ಅಂದಿದ್ದರು ಗ್ಯಾರೇಜಿನವರು. ಎಫ್‌ಸಿಗೆ ಹೋದಾಗ ಸಾಹೇಬರು ಮೊದಲು ನೋಡಿದ್ದೇ ಎಂಜಿನ್ ನಂಬರು.

ಹಳೇ ಎಂಜಿನ್ ಇನ್ನೂ ಕೊಟ್ಟಿಗೆಯಲ್ಲಿತ್ತು. ಅದನ್ನೇ ಮತ್ತೆ ಕೂರಿಸಿ, ಹಿಂದಕ್ಕೂ 43ಕ್ಕೆ 8ನ್ನೇ ಹಾಕಿಸಿದೆ. ಆಟೊದವರು ಈಗಲೂ ಮುಂದೆ ಹೋಗುತ್ತಾರೆ.

ನೀವು ಹೌಸಿಂಗ್ ಕೊಳ್ಳುವುದಿದ್ದರೆ ಬಿಚ್ಚಿ ಹಲ್ಲೆಣಿಸಿ. ಗಾಡಿಯಲ್ಲೇ ಇದ್ದರೆ ಗೇರ್ ನ್ಯೂಟ್ರಲ್ಲಿಗೆ ತಂದು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನಷ್ಟೇ ಜಾಕಿನಲ್ಲಿ ಎತ್ತಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಐದು ಸುತ್ತು ದಾಟಿತೋ, ಐದಕ್ಕೆ ಸ್ವಲ್ಪ ಮೊದಲೇ ನಿಂತಿತೋ ನೋಡಿಕೊಂಡು, ಆಮೇಲೆ ದುಡ್ಡು ಕೊಡಿ.