ಸುರತ್ಕಲ್ಲಿನ ರಿಪೇರಿ ಅಂಗಡಿಗಳು

ಸುರತ್ಕಲ್ಲಿನ ಸದಾಶಿವ ದೇವಾಲಯದ ಬಳಿ ನಿಂತು ಸಮುದ್ರವನ್ನು ನೋಡುವ ಯಾತ್ರಿಕನಿಗೆ ಆಹ್ಲಾದವನ್ನೀಯುವ ಆ ಪಡುಗಾಳಿಯೇ, ಊರಿನಲ್ಲಿ ಸಂಸಾರ ಹೂಡಿದ ಗೃಹಸ್ಥನ ಪಾಲಿಗೆ ಫ್ಯಾನಿನ ಬೇರಿಂಗನ್ನು ಬಿಗಿಹಿಡಿಸುವ, ಫ್ರಿಜ್ಜಿನ ತಳದ ತಗಡನ್ನು ಪುಡಿ ಮಾಡುವ, ರೇಡಿಯೋದೊಳಗಣ ತಾಮ್ರಕ್ಕೆ ಹಸಿರು ಕಿಲುಬು ಹತ್ತಿಸುವ ಉಪ್ಪಿನ ಗಾಳಿಯಾಗಿ ಪರಿಣಮಿಸುತ್ತದೆ. ಇದರ ಮೇಲೆ ಮಳೆಗಾಲದ ತೇವ, ಸಿಡಿಲಿನ ಹೊಡೆತ, ಸಂಜೆಯಾದೊಡನೆ ಬಲ್ಬು ಕೆಂಪಗಾಗುವಷ್ಟು ಇಳಿಯುತ್ತಿದ್ದ ವೋಲ್ಟೇಜು. ಕಂಪೆನಿಯ ಗ್ಯಾರಂಟಿ ಕಾಗದದಲ್ಲಿ ಇವಾವುದಕ್ಕೂ ಸ್ಥಾನವಿರಲಿಲ್ಲ. ಇವುಗಳಿಗೆ ಉತ್ತರ ಹೇಳಬೇಕಾಗಿದ್ದವರು, ಹೆದ್ದಾರಿಯ ಬದಿಯ ಹಂಚಿನ ಮಾಡಿನ ಕೆಳಗೆ ಒಂದು ಸೋಲ್ಡರಿಂಗ್ ಐರನ್ನನ್ನೂ ಒಂದು ಸೀರೀಸ್ ಬಲ್ಬನ್ನೂ ಇಟ್ಟುಕೊಂಡು ಕುಳಿತಿರುತ್ತಿದ್ದ ರಿಪೇರಿಯವರು. ಆ ವೃತ್ತಿ ಬೆಳೆದ ಬಗೆಯನ್ನೂ ಅದು ಕ್ಷೀಣಿಸುತ್ತಿರುವ ಬಗೆಯನ್ನೂ ಹತ್ತಿರದಿಂದ ಕಂಡವನಾದ್ದರಿಂದ, ಕಂಡದ್ದನ್ನು ಬರೆದಿಡಬೇಕೆಂದು ತೋರಿತು.

ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನದ ಫಲವಾಗಿ 1960ರಲ್ಲಿ ಇಂಜಿನಿಯರಿಂಗ್ ಕಾಲೇಜು ಇಲ್ಲಿ ನೆಲೆಗೊಂಡಾಗ, ರೇಡಿಯೋ ಇದ್ದ ಮನೆಗಳು ಊರಿನಲ್ಲಿ ವಿರಳವಾಗಿದ್ದವು. ಮರ್ಫಿ, ಫಿಲಿಪ್ಸ್, ಬುಷ್ ಎಂಬ ಹೆಸರಿನ ವಾಲ್ವ್ ರೇಡಿಯೋಗಳವು. ಕಂಪೆನಿಯ ನೆರವೆಂದರೆ, ಮರದ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ಹಂಪನಕಟ್ಟೆಯ ಕಡೆಯ ಡೀಲರರನ್ನು ಕಂಡು, ಅವರು ತರಿಸಬೇಕಾದ ವಾಲ್ವಿಗಾಗಿ ವಾರಗಟ್ಟಲೆ ಕಾಯುವುದೆಂದೇ ಅರ್ಥ. ಆದರೂ ಆ ಕಾಲದ ಯಂತ್ರಗಳನ್ನು ಕಟ್ಟಿದವರಲ್ಲಿ ಒಂದು ಸೌಜನ್ಯವಿತ್ತೆಂಬುದನ್ನು ಒಪ್ಪಬೇಕು. ಹಲವು ರೇಡಿಯೋಗಳ ಹಿಂಬದಿಯ ರಟ್ಟನ್ನು ಬಿಚ್ಚಿದರೆ ಯಾವ ಸಂಖ್ಯೆಯ ವಾಲ್ವು ಎಲ್ಲಿ ಕೂರಬೇಕೆಂಬ ನಕ್ಷೆ ಒಳಗಡೆಯೇ ಅಂಟಿಸಲ್ಪಟ್ಟಿರುತ್ತಿತ್ತು. ಓದಬಲ್ಲವನಿಗೆ ಅಷ್ಟೇ ಸಾಕಿತ್ತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಿಂದ ವಾಲ್ವುಗಳನ್ನು ತಯಾರಿಸತೊಡಗಿದ ಮೇಲೆ ಅವು ಕೈಗೆಟಕುವಂತಾದುವಾದರೂ, ಟ್ರಾನ್ಸಿಸ್ಟರು ಪ್ರಬಲವಾದಂತೆ ಮತ್ತೆ ದುರ್ಲಭವಾದವು. ಆಗ ನಮ್ಮವರು ಸುಟ್ಟುಹೋದ ಇ.ಝೆಡ್. 80 ವಾಲ್ವಿನ ಸ್ಥಾನದಲ್ಲಿ ಬಿ.ವೈ. 127 ಎಂಬ ಎರಡು ಪುಟ್ಟ ಡಯೋಡುಗಳನ್ನು ಬೆಸೆದು, ಹೆಚ್ಚಾಗುವ ವೋಲ್ಟೇಜನ್ನು ಒಂದು ರೆಸಿಸ್ಟರಿನಿಂದ ತಗ್ಗಿಸಿ, ಮೂಕವಾಗಿದ್ದ ರೇಡಿಯೋದಲ್ಲಿ ಸಿಲೋನನ್ನು ಮರಳಿ ಹಾಡಿಸಿದರು. ಡಯಲಿನ ಮುಳ್ಳನ್ನು ಎಳೆಯುವ ದಾರ ತುಂಡಾದರೆ ಗಾಳಕ್ಕೆ ಕಟ್ಟುವ ನೈಲಾನ್ ದಾರ ಒದಗಿತು. ಅದು ಚಕ್ರದ ಮೇಲೆ ಜಾರುತ್ತದೆಂದು ಕಂಡಾಗ ಅದಕ್ಕೆ ರಾಳದ ಪುಡಿಯನ್ನು ತಿಕ್ಕಿದರು. ಇದನ್ನು ಯಾರೂ ಅವರಿಗೆ ಕಲಿಸಿದ್ದಲ್ಲ.

ಎಪ್ಪತ್ತರ ದಶಕದಲ್ಲಿ ಊರಿನ ಮುಖವೇ ಬದಲಾಯಿತು. ಪಣಂಬೂರಿನ ಬಂದರು 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟಿತವಾಯಿತು. ಅದಕ್ಕಾಗಿ ಮನೆ ಬಿಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆಸಿದರು. ಮರುವರ್ಷ ರಸಗೊಬ್ಬರದ ಕಾರ್ಖಾನೆಯೂ ಉತ್ಪಾದನೆಗೆ ತೊಡಗಿತು. ಅದೇ ಕಾಲಕ್ಕೆ ನಮ್ಮ ಹುಡುಗರು ಕೊಲ್ಲಿಯ ದೇಶಗಳಿಗೆ ಹೊರಟರು, ರಜೆಯಲ್ಲಿ ಮರಳುವಾಗ ಟೇಪ್ ರೆಕಾರ್ಡರು, ಇಸ್ತ್ರಿಪೆಟ್ಟಿಗೆ, ಅಂಕೆಗಳು ಕೆಂಪಗೆ ಹೊಳೆಯುವ ಗಡಿಯಾರದ ರೇಡಿಯೋಗಳನ್ನು ತಂದರು. ಇವುಗಳಿಗೆ ನಮ್ಮ ದೇಶದಲ್ಲಿ ಡೀಲರರಿಲ್ಲ, ಬಿಡಿಭಾಗಗಳಿಲ್ಲ, ಜಪಾನೀ ಅಕ್ಷರದ ಕಾಗದವನ್ನು ಓದುವವರೂ ಇಲ್ಲ. ಕಂಪೆನಿಯ ಬೆಂಬಲವಿಲ್ಲದ ಯಂತ್ರವೆಂದರೇನೆಂಬುದು ಸುರತ್ಕಲ್ಲಿಗೆ ಪೂರ್ಣವಾಗಿ ಮನವರಿಕೆಯಾದದ್ದು ಆಗಲೇ.

ಸೌದಿಯಿಂದ ಬಂದ ವಸ್ತುಗಳದ್ದೇ ವಿಶೇಷ ತೊಡಕು. ಅಲ್ಲಿನ ಅನೇಕ ಮನೆಗಳಲ್ಲಿ ಆಗ 127 ವೋಲ್ಟಿನ, 60 ಸೈಕಲ್ಲಿನ ವಿದ್ಯುತ್ತು. ನಮ್ಮಲ್ಲಿ 230 ವೋಲ್ಟು, 50 ಸೈಕಲ್ಲು. ವೋಲ್ಟೇಜಿನ ಭೇದವನ್ನು ಟ್ರಾನ್ಸ್‌ಫಾರ್ಮರು ಸುತ್ತಿ ನೀಗಿಸಬಹುದು, ನೀಗಿಸಿದರು. ಬಳಿಕವೂ ಗಡಿಯಾರ ತಪ್ಪು ತೋರಿಸತೊಡಗಿತು. ಕಾಟಿಪಳ್ಳದ ಬ್ಯಾರಿ ಹಿರಿಯರೊಬ್ಬರು ಅಂತಹ ರೇಡಿಯೋವೊಂದನ್ನು ನಾನು ಕುಳಿತಿದ್ದ ಅಂಗಡಿಗೆ ತಂದು, “ಮಾರಾಯರೇ, ಮಗ ಕಳಿಸಿದ್ದು. ನಮಾಜಿನ ಹೊತ್ತೇ ತಪ್ಪಿಹೋಗ್ತದೆ, ಗಂಟೆಗೆ ಹತ್ತು ನಿಮಿಷ ಹಿಂದೆ!” ಎಂದು ಸಂಕಟಪಟ್ಟುಕೊಂಡರು. ಅಂಗಡಿಯ ಯಜಮಾನರು ಆ ಹತ್ತು ನಿಮಿಷವೆಂಬ ಮಾತನ್ನೇ ಹಿಡಿದು ಕೂತರು. ಅಂತಹ ಗಡಿಯಾರ ತಂತಿಯಲ್ಲಿ ಬರುವ ವಿದ್ಯುತ್ತಿನ ಅಲೆಗಳನ್ನೇ ಎಣಿಸಿ ಹೊತ್ತು ಹೇಳುತ್ತದೆ. ಸೆಕೆಂಡಿಗೆ ಅರುವತ್ತನ್ನು ನಿರೀಕ್ಷಿಸುವ ಯಂತ್ರಕ್ಕೆ ಐವತ್ತೇ ದೊರೆತರೆ ಅರುವತ್ತು ನಿಮಿಷಗಳಲ್ಲಿ ಅದು ಐವತ್ತು ನಿಮಿಷ ಮಾತ್ರ ನಡೆಯುತ್ತದೆ. ಕಾರಣ ತಿಳಿದ ಮೇಲೆ ಉಪಾಯ ಹುಡುಕುವುದಷ್ಟೇ ಉಳಿಯಿತು. ಒಳಗಿದ್ದ ಗಡಿಯಾರದ ಐ.ಸಿ.ಯ ಕಾಲುಗಳಲ್ಲಿ ಒಂದು ಈ ಐವತ್ತು–ಅರುವತ್ತರ ಆಯ್ಕೆಗಾಗಿಯೇ ಇಟ್ಟದ್ದಿರಬೇಕೆಂದು ಊಹಿಸಿ, ಭೂತಗನ್ನಡಿಯ ಕೆಳಗೆ ಒಂದೊಂದೇ ಕಾಲಿನ ಸಂಬಂಧವನ್ನು ಬೋರ್ಡಿನ ಮೇಲೆ ಬೆರಳಿಟ್ಟು ಅನುಸರಿಸಿ, ಕಾಗದದಲ್ಲಿ ಬರೆದುಕೊಂಡು, ಕೊನೆಗೆ ಒಂದು ಕಾಲಿಗೆ ಕೂದಲೆಳೆಯಂತಹ ತಂತಿಯನ್ನು ಬೆಸೆದರು. ಮರುದಿನ ಬೆಳಿಗ್ಗೆ ಗಡಿಯಾರ ಸರಿಯಾಗಿತ್ತು. ಆ ಮೇಲೆ ಅಂತಹ ಎಷ್ಟೋ ರೇಡಿಯೋಗಳಿಗೆ ಅದೇ ತಂತಿ ಬಿತ್ತು. ಎಲೆಗಳು ಮಗುಚುವ ಮೋಟಾರಿನ ಗಡಿಯಾರಗಳಿಗೆ ಮಾತ್ರ ಈ ಚಿಕಿತ್ಸೆ ನಡೆಯಲಿಲ್ಲ, ಅವುಗಳ ಓಟ ಹಲ್ಲಿನ ಗಾಲಿಗಳಿಗೆ ಕಟ್ಟುಬಿದ್ದಿತ್ತು.

ಫ್ಯಾನಿನ ವೈಂಡಿಂಗ್ ಕೆಲಸವನ್ನು ನೋಡಿದವರಿಗೆ ಈ ವಿದ್ಯೆ ಎಲ್ಲಿ ಶೇಖರವಾಗುತ್ತಿತ್ತೆಂಬುದು ತಿಳಿದೀತು. ಸುಟ್ಟ ಕೊಯಿಲನ್ನು ಕತ್ತರಿಸಿ ಎಸೆಯುವ ಪೂರ್ವದಲ್ಲಿ ಅದರ ಸುತ್ತುಗಳನ್ನು ಎಣಿಸಬೇಕು, ತಂತಿಯ ಮೇಲಣ ಕರಿಯನ್ನು ಕೆರೆದು ಗೇಜು ನೋಡಬೇಕು, ರನ್ನಿಂಗ್ ಕೊಯಿಲು ಯಾವುದು ಸ್ಟಾರ್ಟಿಂಗ್ ಕೊಯಿಲು ಯಾವುದೆಂದು ಗುರುತಿಸಬೇಕು. ಕಂಪೆನಿಗಳು ಈ ಲೆಕ್ಕವನ್ನು ನಮ್ಮ ಅಂಗಡಿಗಳಿಗೆ ಕೊಟ್ಟದ್ದನ್ನು ನಾನು ಕಂಡಿಲ್ಲ. ಆದಕಾರಣ ಪ್ರತಿಯೊಂದು ಅಂಗಡಿಯಲ್ಲಿಯೂ ಎಣ್ಣೆ, ವಾರ್ನಿಷಿನ ಕಲೆ ಹಿಡಿದ ಉದ್ದನೆಯ ನೋಟುಬುಕ್ಕೊಂದಿತ್ತು. ಅದರಲ್ಲಿ ಉಷಾ, ಓರಿಯಂಟ್, ಕ್ರಾಂಪ್ಟನ್ ಎಂಬ ತಲೆಬರಹಗಳ ಕೆಳಗೆ ಸ್ಲಾಟುಗಳ ಸಂಖ್ಯೆ, ಸುತ್ತುಗಳ ಸಂಖ್ಯೆ, ಕಂಡೆನ್ಸರಿನ ಬೆಲೆಯಲ್ಲದೆ ಅದರ ಮೈಕ್ರೋಫ್ಯಾರಡ್ಡು, ಒಮ್ಮೊಮ್ಮೆ “ಕಡಲ ಬದಿಯ ಮನೆ, ವಾರ್ನಿಷ್ ಎರಡು ಸಲ” ಎಂಬಂತಹ ಟಿಪ್ಪಣಿ. ಆಷಾಢದ ಮಳೆಯಲ್ಲಿ ಹಚ್ಚಿದ ವಾರ್ನಿಷು ಒಣಗದೆಂದು ಸ್ಟೇಟರನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಒಳಗೆ 200 ವಾಟಿನ ಬಲ್ಬನ್ನು ರಾತ್ರಿಯೆಲ್ಲ ಉರಿಸುತ್ತಿದ್ದರು. ಆ ನೋಟುಬುಕ್ಕನ್ನು ನಾನು ತಂತ್ರಶಾಸ್ತ್ರದ ಗ್ರಂಥವೆಂದೇ ಗಣಿಸುತ್ತೇನೆ.

ಮಿಕ್ಸಿಯ ವಿಷಯಕ್ಕೆ ಬಂದರೆ, ಅದರ ಜನ್ಮವೇ ಒಂದು ದುರಸ್ತಿಯ ಪ್ರಯತ್ನದಿಂದಾದದ್ದು. ಮನೆಯಲ್ಲಿದ್ದ ಬ್ರೌನ್ ಎಂಬ ಜರ್ಮನ್ ಮಿಕ್ಸರು ನಮ್ಮ ಅಡುಗೆಯ ಅರೆತವನ್ನು ತಾಳಲಾರದೆ ಸುಟ್ಟುಹೋಗಿ, ಅದನ್ನು ಸರಿಪಡಿಸುವ ವ್ಯವಸ್ಥೆ ಭಾರತದಲ್ಲಿಲ್ಲವೆಂದು ತಿಳಿದಾಗ, ಸೀಮೆನ್ಸ್ ಸಂಸ್ಥೆಯಲ್ಲಿ ಇಂಜಿನಿಯರಾಗಿದ್ದ ಸತ್ಯಪ್ರಕಾಶ ಮಾಥುರರು ಪತ್ನಿ ಮಾಧುರಿಯವರಿಗಾಗಿ ಬಲವಾದ ಮೋಟಾರೊಂದನ್ನು ತಾವೇ ರೂಪಿಸಿದರು; ಅದು 1963ರಲ್ಲಿ ಸುಮೀತ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ತೆಂಗಿನಕಾಯಿ, ಬ್ಯಾಡಗಿ ಮೆಣಸು ದಿನವೂ ಅರೆಯುವ ಕರಾವಳಿಯ ಮನೆಗಳಲ್ಲಿ ಅದು ದೀರ್ಘಕಾಲ ದುಡಿಯಿತು. ಹೊಸ ಶತಮಾನದಲ್ಲಿ ಆ ಹೆಸರು ಅಂಗಡಿಗಳಿಂದ ಮರೆಯಾದ ಮೇಲೆಯೂ, ದೊಡ್ಡ ಯಂತ್ರದ ಕಾರ್ಬನ್ ಬ್ರಶ್ಶನ್ನು ಮರಳುಕಾಗದದ ಮೇಲೆ ತಿಕ್ಕಿ ಅಳತೆಗೆ ತಂದು, ಕಮ್ಯುಟೇಟರಿನ ಸಂದುಗಳನ್ನು ಹ್ಯಾಕ್ಸಾ ಬ್ಲೇಡಿನ ಚೂರಿನಿಂದ ಬಿಡಿಸಿ, ಹಳೆಯ ಸುಮೀತುಗಳನ್ನು ನಡೆಸುತ್ತಿರುವವರು ಇದ್ದಾರೆ.

ಬದಲಾವಣೆ ಒಂದೇ ದಿನದಲ್ಲಿ ಬರಲಿಲ್ಲ. ಹೆದ್ದಾರಿ ಅಗಲವಾದಾಗ ಬದಿಯ ಸಣ್ಣ ಅಂಗಡಿಗಳು ಕೆಲವು ಒಳರಸ್ತೆಗೆ ಸರಿದವು, ಕೆಲವು ಮುಚ್ಚಿದವು. ಆದರೆ ವೃತ್ತಿಗೆ ಪೆಟ್ಟು ಬಿದ್ದದ್ದು ರಸ್ತೆಯಿಂದಲ್ಲ. ಈಚಿನ ಹಲವು ಫ್ಯಾನುಗಳು ಮೂವತ್ತರ ಆಸುಪಾಸಿನ ವಾಟುಗಳಲ್ಲಿ ತಿರುಗುತ್ತವೆ, ಹಳೆಯದಕ್ಕೆ ಎಪ್ಪತ್ತೈದು ಬೇಕಿತ್ತು. ಇದು ನಿಜವಾದ ಲಾಭ, ಅಲ್ಲಗಳೆಯಲಾಗದು. ಅವುಗಳ ಒಳಗಿನ ಬೋರ್ಡನ್ನು ಕೆಲವರು ರಾಳದಂತಹ ದ್ರವ್ಯವನ್ನು ಹೊಯ್ದು ಮುಚ್ಚುವುದರಿಂದ ಉಪ್ಪಿನ ಗಾಳಿಗೂ ಪ್ರವೇಶವಿಲ್ಲ; ಇದೂ ನಮ್ಮ ಊರಿಗೆ ಹಿತವೇ. ಆದರೆ ಗಾಳಿಗೆ ಪ್ರವೇಶವಿಲ್ಲದಲ್ಲಿ ಕೈಗೂ ಇಲ್ಲ. ಕೆಲವು ಬೋರ್ಡುಗಳಲ್ಲಿ ಐ.ಸಿ.ಯ ಬೆನ್ನಮೇಲಣ ಸಂಖ್ಯೆಯನ್ನು ಕೆರೆದು ಅಳಿಸಿರುವುದನ್ನೂ ಕಂಡಿದ್ದೇನೆ; ಅದು ತೇವದಿಂದ ರಕ್ಷಿಸುವ ಉಪಾಯವಲ್ಲ, ತಿಳಿಯಗೊಡಬಾರದೆಂಬ ಸಂಕಲ್ಪ. ಸರ್ವಿಸ್ ಸೆಂಟರಿನಲ್ಲಿ ದೊರೆಯುವ ಉತ್ತರ ಒಂದೇ: “ಬೋರ್ಡ್ ಹೋಗಿದೆ.” ಎರಡು ರೂಪಾಯಿಯ ಕಂಡೆನ್ಸರು ಉಬ್ಬಿದ ಕಾರಣಕ್ಕಾಗಿ ಇಡೀ ಬೋರ್ಡು, ಬೋರ್ಡು ಸಿಗದ ಕಾರಣಕ್ಕಾಗಿ ಇಡೀ ಯಂತ್ರ ಗುಜರಿ ಸೇರುತ್ತದೆ. ಕೈ ಸೋತದ್ದರಿಂದ ಈ ವೃತ್ತಿ ಕುಗ್ಗಿತೆಂದು ಯಾರಾದರೂ ಹೇಳಿದರೆ ಅದು ಸುಳ್ಳು; ತಿಳಿವಳಿಕೆಯ ಬಾಗಿಲನ್ನು ಮುಚ್ಚಿದ್ದರಿಂದ ಕುಗ್ಗಿತು.

ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿಯೊಂದನ್ನು ರಚಿಸಿ, ಅದೇ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆದಿದೆ. ಮನೆಬಳಕೆಯ ವಸ್ತುಗಳೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೆಯ ಆರಂಭವಿದು. ಆದರೆ ಕಂಪೆನಿಗಳು ಕೊಡಲಿರುವ ನಕ್ಷೆಗಳಿಗಾಗಿ ಕಾಯುವಷ್ಟರಲ್ಲಿ, ನಮ್ಮವರೇ ಬರೆದಿಟ್ಟ ಲೆಕ್ಕಗಳು ಗೆದ್ದಲಿನ ಪಾಲಾಗಬಾರದು. ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟು: ಹೊಸ ಯಂತ್ರವನ್ನು ಕೊಳ್ಳುವ ಮುನ್ನ ಅದರ ಬಿಡಿಭಾಗ ಎಷ್ಟು ವರ್ಷ ಸಿಕ್ಕೀತೆಂದು ಕೇಳಿರಿ, ಹಳೆಯದನ್ನು ಗುಜರಿಗೆ ಕೊಡುವ ಮುನ್ನ ಒಮ್ಮೆ ರಿಪೇರಿಯವರಿಗೆ ತೋರಿಸಿರಿ, ನಿಮ್ಮ ಪೇಟೆಯಲ್ಲಿ ವೈಂಡಿಂಗ್ ಅಂಗಡಿಯೊಂದು ಮುಚ್ಚುತ್ತಿರುವುದಾದರೆ, ಯಜಮಾನರ ಒಪ್ಪಿಗೆ ಪಡೆದು ಅವರ ನೋಟುಬುಕ್ಕಿನ ಪುಟಗಳ ಪ್ರತಿಯನ್ನು ತೆಗೆದು, ಹತ್ತಿರದ ಐ.ಟಿ.ಐ.ಗೋ ಪಾಲಿಟೆಕ್ನಿಕ್ಕಿಗೋ ತಲುಪಿಸಿರಿ.