ಬೀಟೆಯ ಹಲಗೆಯಲ್ಲಿ ಒಂದು ಆನೆ

ನಡುಮನೆಗೊಂದು ಟೀಪಾಯಿ ಬೇಕೆಂಬುದು ನನ್ನ ಶ್ರೀಮತಿಯ ಹಳೆಯ ಬೇಡಿಕೆ. ಯಾವುದೋ ಒಂದು ಟೀಪಾಯಿಯಾದರೆ ನಮ್ಮೂರ ಪೇಟೆಯಲ್ಲೇ ಸಿಕ್ಕುತ್ತಿತ್ತು. ಆಕೆಗೆ ಬೇಕಾದದ್ದು ತನ್ನ ತವರಿನಲ್ಲಿದ್ದಂಥದು: ಬೀಟೆಯ ಹಲಗೆಯಲ್ಲಿ ಆನೆಯನ್ನು ಕೂರಿಸಿದ ಮೈಸೂರಿನ ಇನ್ಲೇ ಟೀಪಾಯಿ. ಮನೆ ಪಾಲಾದಾಗ ಅದು ಅಣ್ಣನ ಭಾಗಕ್ಕೆ ಹೋಯಿತು. "ಹೋದರೆ ಹೋಗಲಿ ಬಿಡಿ" ಎಂದು ಆಕೆ ಅನ್ನುತ್ತಿದ್ದ ಬಗೆಯಲ್ಲೇ ಅದು ಇನ್ನೂ ಹೋಗಿಲ್ಲವೆಂದು ನನಗೆ ತಿಳಿಯುತ್ತಿತ್ತು. ಕಳೆದ ದಸರೆಯ ರಜೆಯಲ್ಲಿ, ಉಳಿತಾಯದ ಎಂಟು ಸಾವಿರ ರೂಪಾಯಿ ಹಿಡಿದು ಇಬ್ಬರೂ ಮೈಸೂರಿನ ರೈಲು ಹತ್ತಿದೆವು.

ಮೊದಲು ಅರಮನೆ. 1912ರಲ್ಲಿ ಪೂರ್ಣಗೊಂಡ ಈ ಸೌಧದ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲಿದೆ. ಮರ ಎಲ್ಲಿ ಮುಗಿಯಿತು, ದಂತ ಎಲ್ಲಿ ಮೊದಲಾಯಿತು ಎಂದು ಬೆರಳಾಡಿಸಿ ನೋಡುವ ಆಸೆ ಯಾರಿಗಾದರೂ ಆದೀತು. ಕಾವಲಿನವನಿಗೂ ಅದು ಗೊತ್ತು. ಭಾರತದ ದಂತದ ವ್ಯಾಪಾರ 1986ರ ಕಾಯಿದೆಯಿಂದ ನಿಂತಿತು, ಆಫ್ರಿಕದ್ದು 1991ರಲ್ಲಿ. ಈಗ ಬಿಳುಪಿಗೆ ಬಿಳಿಯ ಮರ, ಇಲ್ಲವೆ ಪ್ಲಾಸ್ಟಿಕ್. ಆನೆಯ ಚಿತ್ರಕ್ಕಾಗಿ ಆನೆಯೇ ಸಾಯಬೇಕಾಗಿದ್ದ ಕಾಲ ಮುಗಿದುದಕ್ಕೆ ನನಗಂತೂ ವ್ಯಥೆಯಿಲ್ಲ.

ಸಯ್ಯಾಜಿರಾವ್ ರಸ್ತೆಯ ಅಂಗಡಿಯೊಂದರಲ್ಲಿ ನಮ್ಮ ಟೀಪಾಯಿ ಕಣ್ಣಿಗೆ ಬಿತ್ತು. ಬೆಲೆ ಇಪ್ಪತ್ತೆರಡು ಸಾವಿರ! ನಮ್ಮ ಮುಖ ನೋಡಿ ಅಂಗಡಿಯಾತ ಅಗ್ಗದ್ದೊಂದನ್ನು ತಂದಿಟ್ಟ. ಅದರ ಮೇಲೆ ಇದ್ದುದು ಮರಕ್ಕೆ ಅಂಟಿಸಿದ ಅಚ್ಚಿನ ಚಿತ್ರ. ಶ್ರೀಮತಿ ಉಗುರಿನಿಂದ ಒಮ್ಮೆ ಮುಟ್ಟಿ ನೋಡಿ ಎದ್ದುಬಿಟ್ಟಳು.

"ನಾನೇ ಮಾಡಿಬಿಟ್ಟರೆ?" ಎಂಬ ಹುಚ್ಚು ನನಗೆ ಹತ್ತಿದ್ದು ಆಗ. ಆ ಗುಂಗಿನಲ್ಲೇ ಮಂಡಿ ಮೊಹಲ್ಲಾದ ಒಂದು ಕೆಲಸದ ಮನೆ ಹೊಕ್ಕೆವು. ಹಿರಿಯ ಕುಶಲಿಯೊಬ್ಬರು ಚಿಕ್ಕ ಹಲಗೆಯೊಂದನ್ನು ತೋರಿಸಿ ಐದೂವರೆ ಸಾವಿರವೆಂದರು. ನಾನು ನಾಲ್ಕಕ್ಕೆ ಕೇಳಿದೆ. ಅವರು ಮಾತಾಡದೆ ಕೆಲಸ ಮುಂದುವರಿಸಿದರು. ಕಾಗದದ ಮೇಲಿನ ಚಿತ್ರವನ್ನು ತುಂಡುತುಂಡಾಗಿ ಮರದ ತೆಳು ಚೂರುಗಳಿಗೆ ಅಂಟಿಸುವುದು. ಆ ಗೆರೆಯಲ್ಲೇ ನೂಲಿನಂಥ ಗರಗಸದಿಂದ ಕತ್ತರಿಸುವುದು. ಬೀಟೆಯ ಮೇಲೆ ಅದೇ ಆಕಾರ ಗುರುತಿಸಿ, ಉಳಿಯಿಂದ ಅಷ್ಟೇ ಆಳಕ್ಕೆ ತೋಡಿ, ಸರಿಗೊಡಿಸಿ ಕೂರಿಸುವುದು. ಬಣ್ಣ ಹಚ್ಚುವುದಿಲ್ಲ. ಹಳದಿ ಬೇಕಾದರೆ ಹಲಸು, ಕಪ್ಪು ಬೇಕಾದರೆ ಬೀಟೆಯ ಒಡಲೇ ಇದೆ. ಆಮೇಲೆ ಉಜ್ಜಿ ನುಣುಪು ಮಾಡಿ, ಕಣ್ಣು, ಚರ್ಮದ ಸುಕ್ಕುಗಳನ್ನು ಗೀರಿ, ಮೆರುಗು ಕೊಡುತ್ತಾರೆ. 2005ರಲ್ಲಿ ಭೌಗೋಳಿಕ ಗುರುತು ದೊರೆತದ್ದು ಈ ಕೆಲಸಕ್ಕೇ.

"ನೀವೂ ಒಂದು ಕೈ ನೋಡಿ, ಸ್ವಾಮಿ" ಎಂದು ಗರಗಸ ಕೊಟ್ಟರು. ಆನೆಯ ಬಾಲವನ್ನು ಕತ್ತರಿಸಬೇಕು. ಅರ್ಧ ಅಂಗುಲ ಹೋಗುವಷ್ಟರಲ್ಲಿ ಅಲಗು ತುಂಡಾಯಿತು. ಇನ್ನೊಂದನ್ನು ಕಟ್ಟಿಕೊಟ್ಟರು, ಈ ಸಲ ಬಾಲವೇ ಮುರಿಯಿತು. ಅವರು ನಗಲಿಲ್ಲ. ನಾನು ಐದೂವರೆ ಸಾವಿರವನ್ನು ಎಣಿಸಿಕೊಟ್ಟೆ.

"ಬರಿಯ ಹಲಗೆ ಏನು ಮಾಡೋದು?" ಎಂದು ಶ್ರೀಮತಿ ಹೊರಗೆ ಬಂದಮೇಲೆ ಕೇಳಿದಳು. ಊರಿಗೆ ಮರಳಿ, ಅಟ್ಟದ ಮೇಲಿದ್ದ ಹಳೆಯ ಮಂಚದ ತೇಗದಿಂದ ನಮ್ಮ ಬಡಗಿಯ ಕೈಲಿ ಟೀಪಾಯಿ ಮಾಡಿಸಿ, ನಡುವೆ ಹಲಗೆಯನ್ನು ಇಳಿಸಿದೆವು. ಉಪ್ಪುಕಾಗದ ಹಿಡಿದು ನಾಲ್ಕು ಭಾನುವಾರ ಉಜ್ಜಿದ್ದು ಮಾತ್ರ ನನ್ನ ಕೈಗಾರಿಕೆ.

ಆಕೆ ಬಹಳ ಹೊತ್ತು ನೋಡಿದಳು. "ಅಣ್ಣನ ಮನೇದು ಸೊಂಡಿಲು ಎತ್ತಿತ್ತು. ಇದು ಇಳಿಬಿಟ್ಟಿದೆ" ಎಂದಳು. ಸೆರಗಿನಿಂದ ಒಮ್ಮೆ ಒರೆಸಿದಳು. ಅದರ ಮೇಲೆ ಕಾಫಿಯ ಲೋಟ ಇಡಲು ನನಗೆ ಇಂದಿಗೂ ಅಪ್ಪಣೆಯಾಗಿಲ್ಲ.