ಚಕ್ರಕ್ಕೊಂದು ಬೀಗ

ನಮ್ಮ ಹುಣಸೂರು ಸೀಮೆಯಲ್ಲಿ ಬೀಗ ಹಾಕಿಸಿಕೊಳ್ಳುವ ಯೋಗ್ಯತೆ ಒಂದೊಂದು ವಸ್ತುವಿಗೆ ಒಂದೊಂದು ಕಾಲದಲ್ಲಿ ಬಂದಿದೆ. ನಾನು ಹುಡುಗನಾಗಿದ್ದಾಗ ಬೀಗವೆಂದರೆ ಅಟ್ಟದ ಮೇಲಿನ ಟ್ರಂಕಿಗೆ. ಮನೆ ಬಾಗಿಲಿಗೆ ಚಿಲಕವೇ ಹೆಚ್ಚು. ಆಮೇಲೆ ಪಂಪ್‌ಸೆಟ್ ಮನೆಗೆ ಬಂತು, ಒಳಗಿನ ತಾಮ್ರದ ತಂತಿಗೆ ಗಿರಾಕಿಗಳು ಹುಟ್ಟಿದ್ದರಿಂದ. ಹೊಗೆಸೊಪ್ಪಿಗೆ ಬೆಲೆ ಏರಿದ ವರ್ಷ ಅದನ್ನು ಹದಮಾಡುವ ಬ್ಯಾರನ್ನಿಗೂ ಬಂತು. 2023ರಲ್ಲಿ ಶುಂಠಿ ದರ ಮುಗಿಲಿಗೆ ಹೋದಾಗ, ಹೆಗ್ಗಡದೇವನಕೋಟೆ ಕಡೆ ಹೊಲಕ್ಕೆ ಬೀಗ ಹಾಕುವುದು ಹೇಗೆಂದು ತಿಳಿಯದೆ ಟಾರ್ಚು ಹಿಡಿದು ಬದುವಿನ ಮೇಲೆ ಮಲಗಿದವರನ್ನು ಕಂಡಿದ್ದೇನೆ. ಈಗ ಕಾರಿನ ಚಕ್ರದ ಸರದಿ.

ನನ್ನ ಮಾರುತಿ ಕಾರಿಗೆ ಕಬ್ಬಿಣದ ಡಿಸ್ಕ್ ಇದ್ದಷ್ಟು ಕಾಲ ಅದರ ಚಕ್ರದ ಬಗ್ಗೆ ಬೀದಿನಾಯಿಗಳಿಗೆ ಬಿಟ್ಟರೆ ಇನ್ನಾರಿಗೂ ಆಸಕ್ತಿ ಇರಲಿಲ್ಲ. ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾದಾಗ ಬೆಂಗಳೂರಿನಲ್ಲಿರುವ ಮಗ ಉಡುಗೊರೆಯೆಂದು ಅಲಾಯ್ ವೀಲ್ ಹಾಕಿಸಿಕೊಟ್ಟ. ಕಾರು ಮದುವೆಗೆ ಹೊರಟ ಹಾಗೆ ಹೊಳೆಯತೊಡಗಿತು. ಹಿಂದೆಯೇ ಅವನ ಮೊಬೈಲಿನಿಂದ ಒಂದು ಚಿತ್ರವೂ ಬಂತು: ಅವನ ಬಡಾವಣೆಯಲ್ಲಿ ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ನಾಲ್ಕು ಸೈಜುಗಲ್ಲಿನ ಮೇಲೆ ಕೂತಿದೆ, ಚಕ್ರಗಳಿಲ್ಲ. ಚಿತ್ರದ ಕೆಳಗೆ ಮಗನ ಅಪ್ಪಣೆ, "ಅಪ್ಪಾ, ಲಾಕ್ ನಟ್ ಹಾಕ್ಸಿ."

ಬಂದ ಬೆಲೆಯೇ ಕಳ್ಳನಿಗೆ ವಿಳಾಸ ಕೊಡುತ್ತದೆ ಎನ್ನುವುದು ಹೊಗೆಸೊಪ್ಪಿನ ನಾಡಿನವನಿಗೆ ಬಿಡಿಸಿ ಹೇಳಬೇಕಾದ್ದಲ್ಲ. ಆದರೂ ಯೋಚಿಸಿದರೆ ಕಾರು ವಿಚಿತ್ರ ವಸ್ತು. ಬಾಗಿಲಿಗೆ ಬೀಗ, ಸ್ಟೀರಿಂಗಿಗೆ ಬೀಗ, ಮುಟ್ಟಿದರೆ ಇಡೀ ಬೀದಿ ಎದ್ದು ಕೂರುವಂಥ ಸೈರನ್ನು. ಆದರೆ ಅದನ್ನು ನೆಲದ ಮೇಲೆ ನಿಲ್ಲಿಸಿರುವ ನಾಲ್ಕು ಚಕ್ರಗಳು ಮಾತ್ರ ಬೀದಿಗೆ ಬಿಟ್ಟ ಆಸ್ತಿ. ಒಂದೊಂದಕ್ಕೂ ನಾಲ್ಕೋ ಐದೋ ಆರುಮೂಲೆಯ ನಟ್ಟು. ಮಾರುತಿಗಾದರೆ ಹತ್ತೊಂಬತ್ತು ಎಂ.ಎಂ., ಹ್ಯುಂಡೈಗೆ ಇಪ್ಪತ್ತೊಂದು. ಬಿಚ್ಚುವ ಸ್ಪ್ಯಾನರನ್ನು ಕಂಪನಿಯವರೇ ಪ್ರತಿ ಡಿಕ್ಕಿಯಲ್ಲೂ ಇಟ್ಟುಕೊಡುತ್ತಾರೆ. ನನ್ನ ಸ್ಪ್ಯಾನರ್ ನಿಮ್ಮ ಕಾರಿಗೂ ಆದೀತು, ಕಳ್ಳನದು ಇಬ್ಬರಿಗೂ ಆಗುತ್ತದೆ.

ಇದು ಹೊಸ ಉದಾರತನವಲ್ಲ. ಎತ್ತಿನ ಗಾಡಿಯ ಚಕ್ರ ಇದಕ್ಕಿಂತಲೂ ಉದಾರಿಯಾಗಿತ್ತು. ಇರಸಿನ ತುದಿಯ ತೂತಿಗೆ ಇಳಿಬಿಟ್ಟ ಬೆರಳುದ್ದದ ಕಬ್ಬಿಣ, ಕಡಾಣಿ, ಅಷ್ಟೇ ಅದನ್ನು ಹಿಡಿದಿದ್ದದ್ದು. ಬಿಚ್ಚಲು ಸ್ಪ್ಯಾನರೂ ಬೇಡ, ಎರಡು ಬೆರಳು ಸಾಕು. ಜೇಡರ ದಾಸಿಮಯ್ಯ ವಚನವೊಂದರಲ್ಲಿ ಈ ಕಡೆಗೀಲನ್ನೇ ಹಿಡಿದು ಮಾತಾಡಿದ್ದಾನೆ. ದಶರಥನ ರಥದ ಕಡಾಣಿ ಕಳಚಿದಾಗ ಕೈಕೇಯಿ ಬೆರಳು ಕೊಟ್ಟು ಚಕ್ರ ಉಳಿಸಿದ ಕಥೆಯನ್ನು ನಮ್ಮಜ್ಜಿ ಹೇಳುತ್ತಿದ್ದಳು. ಒಂದು ಬೆರಳಿಗೆ ಎರಡು ವರ ಸಿಕ್ಕವು. ಇಡೀ ರಾಮಾಯಣ ನಡೆದದ್ದು ಬಿಡಿಭಾಗವೊಂದು ಸಮಯಕ್ಕೆ ಸಿಗದೆ ಹೋದದ್ದರಿಂದ ಎಂದು ನಾನು ಒಮ್ಮೆ ಏಳನೇ ತರಗತಿಗೆ ಪಾಠ ಮಾಡಿದ್ದುಂಟು. ಹೆಡ್ ಮೇಷ್ಟ್ರಿಗೆ ಅದು ಹಿಡಿಸಲಿಲ್ಲ.

ಹುಣಸೂರಿಗೂ ಗಾಡಿ-ಎತ್ತಿಗೂ ಇರುವ ನಂಟು ದೊಡ್ಡದು. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರದ ಪಾಲಾದವು. ಫಿರಂಗಿ ಎಳೆಯುವುದರಲ್ಲಿ ಆ ಎತ್ತುಗಳಿಗೆ ಸಮನಿಲ್ಲ ಎಂದು ವೆಲ್ಲೆಸ್ಲಿಯಂಥ ದಂಡನಾಯಕನೂ ಮೆಚ್ಚಿದ್ದ. ಅವುಗಳ ಉಸ್ತುವಾರಿ ನಡೆದದ್ದು ನಮ್ಮ ಲಕ್ಷ್ಮಣತೀರ್ಥದ ದಂಡೆಯ ಈ ಊರಿನಿಂದ. ಜೊತೆಗೆ ಸೈನ್ಯಕ್ಕೆಂದು ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಅಂಗಳ ಎಲ್ಲವೂ ಇದ್ದವು. 1864ರಲ್ಲಿ ಅವು ಮುಚ್ಚಿದರೂ ಕೈಕೆಲಸ ಕಲಿತವರು ಊರಲ್ಲೇ ಉಳಿದರು. ನಾನು ಕಂಡ ಆಚಾರರು ಆ ಪರಂಪರೆಯವರೋ ಅಲ್ಲವೋ, ಚಕ್ರಕ್ಕೆ ಹಳಿ ಏರಿಸುವುದನ್ನಂತೂ ಬೀದಿಯ ಹಬ್ಬದಂತೆ ಮಾಡುತ್ತಿದ್ದರು. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾದ ಕಬ್ಬಿಣದ ಬಳೆಯನ್ನು ಇಕ್ಕಳದಲ್ಲಿ ಹಿಡಿದು ತಂದು ಮರದ ಚಕ್ರಕ್ಕೆ ತೊಡಿಸಿ, ನೀರು ಹೊಯ್ದರೆ ಬುಸ್ಸೆಂದು ಹೊಗೆ. ಬಳೆ ಕುಗ್ಗಿ ಗುಂಬ, ಆರೆಕಾಲುಗಳನ್ನೆಲ್ಲ ಅವುಚಿಕೊಳ್ಳುತ್ತಿತ್ತು. ಒಂದು ನಟ್ಟಿಲ್ಲ, ಒಂದು ಬೋಲ್ಟಿಲ್ಲ.

ಹಾಗಾದರೆ ಕಡಾಣಿಯ ಚಕ್ರವನ್ನು ಯಾರೂ ಕದಿಯುತ್ತಿರಲಿಲ್ಲವೆ? ಹಳೆಯ ಕಾಲದವರೆಲ್ಲ ಸತ್ಯಹರಿಶ್ಚಂದ್ರರು ಎಂದು ಬರೆಯುವವರ ಸಾಲಿಗೆ ನಾನು ಸೇರುವವನಲ್ಲ. ಅಪ್ಪ ಸಂಕ್ರಾಂತಿ ಹೊತ್ತಿಗೆ ಕೃಷ್ಣರಾಜನಗರದ ಹತ್ತಿರದ ಚುಂಚನಕಟ್ಟೆ ದನಗಳ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಅಲ್ಲಿ ರಾತ್ರಿ ಮಲಗುವ ಮುಂಚೆ ಎರಡೂ ಕಡಾಣಿ ಕಿತ್ತು, ಕೀಲೆಣ್ಣೆಯಾದ ಕೈಯನ್ನು ಹುಲ್ಲಿಗೆ ಒರೆಸಿ, ಕಡಾಣಿಗಳನ್ನು ತಲೆದಿಂಬಾದ ಚೀಲದೊಳಗೆ ಸೇರಿಸುತ್ತಿದ್ದರು. ಯಾರಾದರೂ ಗಾಡಿ ಹೊಡೆದುಕೊಂಡು ಹೊರಟರೆ ಹತ್ತು ಮಾರು ಹೋಗುವಷ್ಟರಲ್ಲಿ ಚಕ್ರ ಒಂದು ಕಡೆ, ಕಳ್ಳ ಒಂದು ಕಡೆ. ಬೀಗವೇ ಇಲ್ಲದೆ ಮಾಡಿದ ಬೀಗ ಅದು. ಹೆದರಬೇಕಾದದ್ದು ಕಳ್ಳನಿಗಿಂತ ಮರೆವಿಗೆ. ಬೆಳಗ್ಗೆ ಕಡಾಣಿ ಸಿಕ್ಕಿಸದೆ ಎತ್ತು ಹೂಡಿದವರ ಕಥೆ ಪ್ರತಿ ಜಾತ್ರೆಯಲ್ಲೂ ಒಂದಿರುತ್ತಿತ್ತು, ಅದನ್ನು ಮುಂದಿನ ಜಾತ್ರೆಯವರೆಗೂ ಹೇಳಿ ನಗುತ್ತಿದ್ದರು.

ಮೊದಮೊದಲ ಮೋಟಾರು ಕಾರಿನ ಚಕ್ರ ಕದಿಯುವುದು ಹಾಗಿರಲಿ, ಸ್ವಂತ ಮಾಲೀಕನೂ ಸುಲಭವಾಗಿ ಬಿಚ್ಚುವಂತಿರಲಿಲ್ಲ. ಪಂಕ್ಚರಾದರೆ ದಾರಿಯಲ್ಲೇ ಕೂತು ಟೈರು ಕಿತ್ತು ತೇಪೆ ಹಾಕಬೇಕು. 1904ರಲ್ಲಿ ವೇಲ್ಸ್ ದೇಶದ ಲನೆತ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಡೇವೀಸ್ ಸಹೋದರರು ಆರೆಕಾಲಿಲ್ಲದ, ಬರೀ ರಿಮ್ಮು-ಟೈರಿನ ಒಂದು ಚಕ್ರವನ್ನು ಮಾಡಿ, ಪಂಕ್ಚರಾದ ಚಕ್ರದ ಪಕ್ಕಕ್ಕೆ ಬಿಗಿದು ಊರು ಸೇರುವ ಉಪಾಯ ಮಾರಿದರು. ಪಿರಿಯಾಪಟ್ಟಣದ ಪಂಕ್ಚರ್ ಅಂಗಡಿಯ ಹುಡುಗ "ಸ್ಟೆಪ್ನಿ ಕೊಡಿ ಮೇಷ್ಟ್ರೇ" ಅನ್ನುವಾಗ ಕರೆಯುವುದು ಆ ಬೀದಿಯನ್ನೇ. ಚಕ್ರವನ್ನು ಬೇಗ ಬಿಚ್ಚುವಂತೆ ಮಾಡುವುದೇ ಮುಂದಿನ ಕಾಲದ ಜಾಣತನವಾಯಿತು. ರೇಸಿನ ಕಾರುಗಳಿಗೆ ನಡುವೆ ಒಂದೇ ನಟ್ಟು, ಅದಕ್ಕೆರಡು ಕಿವಿ. ಸುತ್ತಿಗೆಯಲ್ಲಿ ಆ ಕಿವಿಗೆ ನಾಲ್ಕೇಟು ಕೊಟ್ಟರೆ ಚಕ್ರ ಕೈಗೆ. ಹೀಗೆ ಬಿಚ್ಚುವುದನ್ನು ಸುಲಭ ಮಾಡುತ್ತ ಹೋದವರಿಗೆ, ಅದು ಕಳ್ಳನಿಗೂ ಸುಲಭವಾಗಿದೆ ಎಂದು ಕಂಡದ್ದು ಚಕ್ರ ದುಬಾರಿಯಾದ ಮೇಲೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಮೆಕ್‌ಗಾರ್ಡ್ ಎಂಬ ಕಂಪನಿ 1964ರಲ್ಲಿ ಶುರುವಾಯಿತು. ಚಕ್ರದ ಬೀಗವನ್ನೇ ಕಸುಬು ಮಾಡಿಕೊಂಡು ಈಗ ಕಾರು ತಯಾರಕರಿಗೂ ಒದಗಿಸುತ್ತದೆ.

ಬೀಗ ಎಂದರೂ ಅದರಲ್ಲಿ ಕೀಲಿ ತೂತಾಗಲೀ ಸ್ಪ್ರಿಂಗಾಗಲೀ ಇಲ್ಲ. ಪ್ರತಿ ಚಕ್ರದ ಒಂದು ನಟ್ಟನ್ನು ತೆಗೆದು ಆ ಜಾಗಕ್ಕೆ ಮೂಲೆಗಳೇ ಇಲ್ಲದ, ಹೊರಮೈ ನುಣುಪಾದ ದುಂಡು ನಟ್ಟು ಹಾಕುತ್ತಾರೆ. ಸ್ಪ್ಯಾನರಿಗೆ ಹಿಡಿತ ಸಿಗದು. ನಟ್ಟಿನ ಮುಖದಲ್ಲಿ ಅಂಕುಡೊಂಕಾದ ಒಂದು ತೋಡು ಕೊರೆದಿರುತ್ತದೆ. ಅದೇ ಡೊಂಕಿನ ಉಬ್ಬಿರುವ ಹೆಬ್ಬೆರಳು ಗಾತ್ರದ ತುಂಡೇ ಕೀಲಿ. ಕೀಲಿಯನ್ನು ನಟ್ಟಿಗೆ ಕೂರಿಸಿ, ಸ್ಪ್ಯಾನರನ್ನು ಕೀಲಿಗೆ ಹಾಕಿ ತಿರುಗಿಸಬೇಕು. ಮಿಕ್ಕ ಮೂರು ಮಾಮೂಲಿ ನಟ್ಟು ಬಿಚ್ಚಿದ ಕಳ್ಳ ನಾಲ್ಕನೆಯದರ ಮುಂದೆ ತಲೆ ಕೆರೆದುಕೊಳ್ಳಬೇಕೆಂಬುದು ಲೆಕ್ಕ.

ಕಳ್ಳರೂ ತಲೆ ಕೆರೆದುಕೊಂಡೇ ಕೂತಿಲ್ಲ. ನಟ್ಟಿಗಿಂತ ಕೂದಲೆಳೆ ಸಣ್ಣ ಸಾಕೆಟ್ಟನ್ನು ಅದರ ಮೇಲಿಟ್ಟು ಸುತ್ತಿಗೆಯಲ್ಲಿ ಜಡಿದರೆ ಅದು ಕಚ್ಚಿಕೊಂಡು ನಟ್ಟನ್ನು ತಿರುಗಿಸಿಬಿಡುತ್ತದೆ. ಅದಕ್ಕೇ ಒಳ್ಳೆಯ ಬೀಗದ ನಟ್ಟಿನ ಸುತ್ತ ತಾನೇ ಗಿರಗಿರ ತಿರುಗುವ ಒಂದು ಬಳೆ ಇರುತ್ತದೆ. ಸಾಕೆಟ್ಟು ಆ ಬಳೆಯನ್ನು ಕಚ್ಚಿದರೆ ಬಳೆ ತಿರುಗುತ್ತದೆ, ನಟ್ಟು ಕದಲುವುದಿಲ್ಲ. ಈ ಬಳೆಗೂ ಗಟ್ಟಿ ಉಕ್ಕಿಗೂ ದುಡ್ಡು ಕೊಡಬಹುದು. ಥಳಥಳಿಸುವ ಬಣ್ಣಕ್ಕೆ ಕೊಡಬಾರದು.

ಮೈಸೂರಿನ ಬಿಡಿಭಾಗದ ಅಂಗಡಿಯಲ್ಲಿ ನನಗೆ ಮೊದಲು ತೋರಿಸಿದ್ದು ಬಣ್ಣವನ್ನೇ. ಕೆಂಪು, ನೀಲಿ, ನೇರಳೆ. "ಯಾವ್ದು ಬೇಕಾದ್ರೂ ತಗೊಳಿ ಸಾರ್, ಎಲ್ಲಾ ಗಾಡಿಗೂ ಆಗುತ್ತೆ" ಎಂದ ಹುಡುಗ. ಎಲ್ಲಾ ಗಾಡಿಗೂ ಆಗುವುದು ಬೀಗ ಹೇಗಾದೀತು ಎಂದು ನಾನು ಕೇಳಲಿಲ್ಲ, ಥ್ರೆಡ್ ಎಷ್ಟು ಎಂದು ಕೇಳಿದೆ. ಚಕ್ರದ ಸ್ಟಡ್ಡಿನ ದಪ್ಪ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಹನ್ನೆರಡು ಎಂ.ಎಂ. ಇದ್ದರೂ ಸುತ್ತಿನ ಅಂತರ ಬೇರೆ: ಮಾರುತಿಗೆ 1.25, ಹ್ಯುಂಡೈ, ಹೋಂಡಾ, ಟೊಯೊಟಾಗಳಿಗೆ 1.5. ಟೊಯೊಟಾ ಹೆಸರು ಹೊತ್ತ ಗ್ಲಾನ್ಜಾ ಮಾತ್ರ ಹುಟ್ಟಾ ಮಾರುತಿ ಬಲೆನೊ ಆದ್ದರಿಂದ ಅದಕ್ಕೂ 1.25. ಈ ಕಾಲು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಕಾಣದು, ಕೈಗೆ ಗೊತ್ತಾಗುತ್ತದೆ. ಸರಿಯಾದ ನಟ್ಟು ಬೆರಳಲ್ಲೇ ಸರಾಗ ಒಳಗೆ ಹೋಗುತ್ತದೆ. ತಪ್ಪಾದದ್ದು ಒಂದೆರಡು ಸುತ್ತಿಗೆ ಬಿಗಿಯುತ್ತದೆ. ಆಗ ಸ್ಪ್ಯಾನರ್ ಹಾಕಿ ಜುಲುಮೆ ಮಾಡಿದರೆ ಸ್ಟಡ್ಡಿನ ಥ್ರೆಡ್ಡೇ ಹಾಳು. ಫೋಕ್ಸ್‌ವ್ಯಾಗನ್, ಸ್ಕೋಡಾಗಳದು ಇನ್ನೊಂದು ಜಾತಿ, ಅವಕ್ಕೆ ನಟ್ಟಲ್ಲ, ಬೋಲ್ಟು.

ಇನ್ನು ನಟ್ಟಿನ ಬುಡ. ನನ್ನ ಚಕ್ರದ ತೂತು ಲಾಳಿಕೆಯಂತೆ ಇಳಿಜಾರಾಗಿದೆ, ಅದಕ್ಕೆ ಚೂಪು ಬುಡದ ನಟ್ಟು ಬೇಕು. ಹೋಂಡಾದ ಕಂಪನಿ ಚಕ್ರಕ್ಕೆ ದುಂಡು ಬುಡ. ಒಂದರಲ್ಲಿ ಇನ್ನೊಂದನ್ನು ಬಿಗಿದರೆ ಬಿಗಿಯಾದಂತೆ ಕಾಣುತ್ತದೆ, ಆದರೆ ತಾಗಿರುವುದು ಒಂದು ಗೆರೆಯಷ್ಟೇ. ಓಡುತ್ತ ಓಡುತ್ತ ಸಡಿಲವಾಗುತ್ತದೆ. ಕಳ್ಳ ಒಯ್ಯಬೇಕಾದ ಚಕ್ರ ಕಂಪಲಾಪುರದ ಇಳಿಜಾರಿನಲ್ಲಿ ತಾನೇ ಹೊರಟುಹೋದರೆ ಯಾವ ಠಾಣೆಗೆ ದೂರು ಕೊಡುವುದು? ನನ್ನನ್ನು ಕೇಳಿದರೆ ಬೀಗದ ಗಟ್ಟಿತನಕ್ಕಿಂತ ಥ್ರೆಡ್ಡು, ಬುಡ ಇವೆರಡೇ ಮೊದಲು ನೋಡಬೇಕಾದವು.

ಬಿಗಿಯುವ ವಿಷಯದಲ್ಲಿ ನಮ್ಮ ಪಂಕ್ಚರ್ ಅಂಗಡಿಗಳ ಶಾಸ್ತ್ರ ಬೇರೆ. ಸಣ್ಣ ಕಾರಿಗೆ 85ರಿಂದ 110 ನ್ಯೂಟನ್ ಮೀಟರ್ ಸಾಕೆಂದು ಪುಸ್ತಕಗಳು ಹೇಳುತ್ತವೆ. ಪಿರಿಯಾಪಟ್ಟಣದ ನನ್ನ ಹುಡುಗ ಸ್ಪ್ಯಾನರಿನ ಮೇಲೆ ನಿಂತು ಎರಡು ಸಲ ಕುಣಿಯುತ್ತಾನೆ. ಈಚೆಗೆ ಗಾಳಿಯ ಗನ್ನೂ ಬಂದಿದೆ. ಬೀಗದ ಕೀಲಿಗೆ ಆ ಗನ್ನು ಹಿಡಿದರೆ ಉಬ್ಬು ಮುರಿಯುತ್ತದೆ. "ಇದಕ್ಕೆ ಕೈಯಲ್ಲೇ ಹಾಕಪ್ಪಾ" ಎಂದು ಹೇಳಿದಾಗ ಅವನು ಕೀಲಿಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ ಕೇಳಿದ, "ಮೇಷ್ಟ್ರೇ, ಇದ್ನ ಎಲ್ಲಿ ಮಡಗ್ತೀರಿ?"

ಅಂಗಡಿಯವರು ಯಾರೂ ಕೇಳದ ಪ್ರಶ್ನೆ ಅದು. ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟರೆ ಕಳ್ಳ ಮೊದಲು ಕೈ ಹಾಕುವುದೇ ಅಲ್ಲಿಗೆ. ಮನೆಯಲ್ಲಿಟ್ಟರೆ ಪಂಕ್ಚರ್ ಮನೆಯ ಮುಂದೆ ಆಗುವುದಿಲ್ಲ. ನಮ್ಮವಳ ತಂಗಿಯ ಮನೆಗೆ ಅಂತರಸಂತೆ ದಾಟಿ ಹೋಗುತ್ತಿರುತ್ತೇವೆ. ಅದು ಮಾನಂದವಾಡಿ ರಸ್ತೆ; ನಾಗರಹೊಳೆ ಕಾಡೊಳಗೆ ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ. ಐದೂವರೆ ಹೊತ್ತಿಗೆ ಆ ದಾರಿಯಲ್ಲಿ ಟೈರಿಗೆ ಮೊಳೆ ಚುಚ್ಚಿ, ಸ್ಟೆಪ್ನಿ ಇದೆ, ಜಾಕ್ ಇದೆ, ಕೀಲಿ ಮಾತ್ರ ಹುಣಸೂರಿನ ದೇವರ ಗೂಡಿನಲ್ಲಿದೆ ಎಂದರೆ ಆನೆಗೆ ಏನೆಂದು ಸಮಜಾಯಿಷಿ ಕೊಡಲಿ? ಕೀಲಿ ಕಳೆದವರ ನಟ್ಟನ್ನು ಗ್ಯಾರೇಜಿನವರು ಕೊರೆದು ತೆಗೆಯುತ್ತಾರೆ, ರಿಮ್ಮಿಗೂ ಒಂದೆರಡು ಗಾಯ ಗ್ಯಾರಂಟಿ.

ಕೊನೆಗೆ ತೀರ್ಪು ಕೊಟ್ಟವಳು ನಮ್ಮವಳು. ಒಂದು ಕೀಲಿ ಕಾರಿನಲ್ಲೇ, ಆದರೆ ಖಾನೆಯಲ್ಲಲ್ಲ. ಯಾವ ಜಾಗ ಎಂದು ನಾನು ಇಲ್ಲಿ ಬರೆಯಕೂಡದು. ಡಬ್ಬದ ಜೊತೆ ಬಂದ ಕೋಡ್ ನಂಬರಿನ ಕಾರ್ಡು ಬೀರುವಿನಲ್ಲಿ, ಪಹಣಿಯ ಪಕ್ಕ. ಆ ನಂಬರಿದ್ದರೆ ಹೊಸ ಕೀಲಿ ತರಿಸಬಹುದು. ಸೋವಿ ಸೆಟ್ಟುಗಳಲ್ಲಿ ಆ ಕಾರ್ಡೇ ಇರುವುದಿಲ್ಲ.

ಕೆ.ಆರ್. ನಗರದಲ್ಲಿರುವ ನಮ್ಮ ಭಾವ ಕೊಂಡದ್ದು ಅಂಥ ಸೆಟ್ಟೇ. 1924ರ ಕಾವೇರಿ ಪ್ರವಾಹದ ನಂತರ ಯಡತೊರೆಯವರಿಗಾಗಿ ಕಟ್ಟಿದ ಊರದು. ನೇರ ರಸ್ತೆ, ಅಗಲ ಬೀದಿ, ಕಾರು ನಿಲ್ಲಿಸಲು ತಕ್ಕುದು. ಭಾವ ಮೊಬೈಲಿನಲ್ಲಿ ತರಿಸಿ, ನನ್ನದರ ಕಾಲು ಭಾಗ ಬೆಲೆ ಎಂದು ಅಕ್ಕನ ಮುಂದೆ ಎರಡು ಸಲ ಹೇಳಿದರು. ಅವರ ಪಕ್ಕದ ಮನೆಯವರೂ ಅದನ್ನೇ ತರಿಸಿದ್ದರು. ಮೊನ್ನೆ ಹೋದಾಗ ನಾನು ಸುಮ್ಮನೆ ಕುತೂಹಲಕ್ಕೆ ಭಾವನ ಕೀಲಿಯನ್ನು ಪಕ್ಕದವರ ಕಾರಿಗೆ ಹಿಡಿದು ನೋಡಿದೆ. ಇಂಥ ಸೆಟ್ಟುಗಳಲ್ಲಿ ಬೇರೆಬೇರೆ ಡೊಂಕುಗಳನ್ನು ಕೊರೆಯುವ ಖರ್ಚು ಮಾಡುವುದಿಲ್ಲ. ಕೀಲಿ ಗಡದ್ದಾಗಿ ಕೂತಿತು.

"ಭಾವಾ, ನೋಡಿ ಇಲ್ಲಿ" ಎಂದೆ.

ಭಾವ ಬಗ್ಗಿ ನೋಡಿದರು. ಪಕ್ಕದ ಮನೆಯವರೂ ಕಾಫಿ ಲೋಟ ಹಿಡಿದು ಬಂದು ನೋಡಿದರು. ಇಬ್ಬರ ಮುಖದಲ್ಲೂ ನಾನು ಕಾದಿದ್ದ ಗಾಬರಿ ಕಾಣಲಿಲ್ಲ.

"ಒಳ್ಳೇದೇ ಆಯ್ತು ಬಿಡಯ್ಯಾ," ಎಂದರು ಭಾವ, "ನಾನು ಕಳ್ಕೊಂಡ್ರೆ ಇವ್ರ ಹತ್ರ ಇರುತ್ತೆ."